ಭಂಡಾರ ಹಚ್ಚಿದ ಡಾಂಗಲ್

2024ರ ಆಗಸ್ಟ್ ತಿಂಗಳು. ಆಗ ನಾನು ಚಿಕ್ಕೋಡಿಯ ಒಂದು ಕಂಪ್ಯೂಟರ್ ಸರ್ವಿಸ್ ಸೆಂಟರ್‌ನಲ್ಲಿ ಫೀಲ್ಡ್ ಇಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರಿಗೆ ಬೆದರಬೇಕಿಲ್ಲ. ಸ್ಕೂಟಿಯ ಸೀಟಿನ ಕೆಳಗೆ ಸ್ಕ್ರೂಡ್ರೈವರ್, ಬೆನ್ನಿಗೆ ಲ್ಯಾಪ್‌ಟಾಪು, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ತಿರುಗುವುದು ಕೆಲಸ. ಅದಕ್ಕೂ ಮೊದಲು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಶೀಲ್ಡ್ ತಂದವಳು. ಚೀಟಿ ಎತ್ತಿದಾಗ ಪರ ಬಂದರೂ ಸರಿ, ವಿರೋಧ ಬಂದರೂ ಸರಿ, ಐದು ನಿಮಿಷ ನಿಲ್ಲದೆ ಮಾತಾಡಬಲ್ಲೆ. ನಂಬುವ ಮೊದಲು ಪುರಾವೆ ಕೇಳುವುದು ನನ್ನ ಹಟ. ಆ ಹಟವೇ ಆ ತಿಂಗಳು ಆರು ಹೆಂಗಸರ ಕೆಲಸವನ್ನು ಹೆಚ್ಚುಕಡಿಮೆ ಕಳೆದುಬಿಟ್ಟಿತ್ತು. ಏಕೆಂದರೆ ನಾನು ಎಲ್ಲರಿಂದ ಪುರಾವೆ ಕೇಳಿದೆ, ನನ್ನೊಬ್ಬಳನ್ನು ಬಿಟ್ಟು.

ಬುಧವಾರ ಬೆಳಿಗ್ಗೆ ನಿಪ್ಪಾಣಿ ತಾಲೂಕಿನ ಭೋಜದಿಂದ ಫೋನ್ ಬಂತು. ಕರೆದವರು ಸುರೇಖಾ, ಊರಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ. ಐವತ್ತರ ಆಸುಪಾಸು, ಓದಿದ್ದು ಏಳನೇ ಇಯತ್ತೆ. ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ ಕೈ. ತನ್ನಂತೆಯೇ ಬೀಡಿ ಕಟ್ಟುವುದನ್ನು ಬಿಟ್ಟ ಐದು ಹೆಂಗಸರನ್ನು ಸೇರಿಸಿಕೊಂಡು ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಕಸೂತಿ ಘಟಕ ಶುರುಮಾಡಿದ್ದರು. ಆರು ಹೆಡ್‌ಗಳ ಯಂತ್ರ, ಅಂದರೆ ಒಂದೇ ಸಲಕ್ಕೆ ಆರು ಸೂಜಿ ಒಂದೇ ಚಿತ್ರವನ್ನು ಆರು ಬಟ್ಟೆಯ ಮೇಲೆ ಹೊಲಿಯುತ್ತವೆ. ಯಂತ್ರಕ್ಕೆ ಚಿತ್ರ ಅರ್ಥವಾಗುವುದಿಲ್ಲ. ಎಲ್ಲಿ ಸೂಜಿ ಇಳಿಯಬೇಕು, ಎಲ್ಲಿ ದಾರದ ಬಣ್ಣ ಬದಲಾಗಬೇಕು ಎಂದು ಹೊಲಿಗೆ ಹೊಲಿಗೆಯಾಗಿ ಹೇಳಿಕೊಡಬೇಕು. ಇದಕ್ಕೆ ಪಂಚಿಂಗ್ ಎನ್ನುತ್ತಾರೆ. ಪಂಚಿಂಗ್ ಮಾಡುವ ಸಾಫ್ಟ್‌ವೇರ್ ತುಟ್ಟಿ. ಅದನ್ನು ಯಾರೂ ನಕಲು ಮಾಡಬಾರದೆಂದು ಕಂಪನಿ ಒಂದು ಡಾಂಗಲ್ ಕೊಡುತ್ತದೆ. ನೋಡಲು ಪೆನ್ ಡ್ರೈವಿನಂಥ ಕಡ್ಡಿ, ಲೋಹದ ತುದಿಗೊಂದು ಪ್ಲಾಸ್ಟಿಕ್ ಟೊಪ್ಪಿಗೆ. ಅದು ಕಂಪ್ಯೂಟರಿನಲ್ಲಿ ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ಬಾಗಿಲು ತೆರೆಯುತ್ತದೆ. ಮೌಶಿ ಅದಕ್ಕೆ ಕೀಲಿ ಎನ್ನುತ್ತಿದ್ದರು. ಸರಿಯಾದ ಹೆಸರೇ.

ನಾನು ಒಳಗೆ ಕಾಲಿಡುತ್ತಿದ್ದಂತೆ ಮಾಲವ್ವ ಶುರುಮಾಡಿದರು. ಆ ಘಟಕದಲ್ಲಿ ಬಾಯಿಗೆ ರಜೆಯಿಲ್ಲದವರು ಅವರೊಬ್ಬರೇ.

"ರಿಪೇರಿಗೆ ಹುಡುಗಿ ಬಂದಾಳ! ಮುಗೀತ ಬಿಡ ಮಷೀನಿನ ಕಥಿ."

"ಸುಮ್ನಿರ ಬೇ ಮಾಲಿ," ಎಂದರು ಮೌಶಿ. "ನಿನಗ ನಾಕ ವರ್ಷದಾಗ ಕಂಪ್ಯೂಟರ್ ಚಾಲೂ ಮಾಡೂದ ಬಂದಿಲ್ಲ. ಅಕಿ ರಿಪೇರಿ ಮಾಡ್ತಾಳ."

ಆದದ್ದು ಇಷ್ಟು. ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಶಾಲೆ ನಡೆಸುವ ಒಂದು ಶಿಕ್ಷಣ ಸಂಸ್ಥೆ ತನ್ನ ಮಕ್ಕಳ ಸಮವಸ್ತ್ರಕ್ಕೆ ಹೊಸ ಲಾಂಛನದ ಬಿಲ್ಲೆ ಹೊಲಿಸಲು ಇವರಿಗೆ ಹೇಳಿತ್ತು. 1,800 ಬಿಲ್ಲೆ. ಆಗಸ್ಟ್ 15ರ ಧ್ವಜವಂದನೆಗೆ ಮಕ್ಕಳ ಎದೆಯ ಮೇಲಿರಬೇಕು. ಈ ಕೆಲಸ ಒಪ್ಪಿಗೆಯಾದರೆ ಪ್ರತಿ ವರ್ಷದ ಕೆಲಸವೂ ಇವರದೇ. ಆಗದಿದ್ದರೆ, ಆರು ಜನರಲ್ಲಿ ಮೂವರು ಮತ್ತೆ ತೊಡೆಯ ಮೇಲೆ ಬೀಡಿಯ ಮೊರ ಇಟ್ಟುಕೊಳ್ಳುವುದು ಎಂದು ಆಗಲೇ ಮಾತಾಗಿತ್ತು. ಮೌಶಿ ಲಾಂಛನದ ಪಂಚಿಂಗ್ ಮುಗಿಸಿದ್ದರು. ಯಂತ್ರಕ್ಕೆ ಅರ್ಥವಾಗುವ ಫೈಲಾಗಿ ಅದನ್ನು ಹೊರತೆಗೆಯುವುದಷ್ಟೇ ಬಾಕಿ. ಅಷ್ಟರಲ್ಲಿ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಕೀಲಿ ಸಿಗುತ್ತಿಲ್ಲ ಅಥವಾ ಕೆಟ್ಟಿದೆ. ಐದು ದಿನ ಕೂತು ಮಾಡಿದ ಕೆಲಸ ಅವರದೇ ಕಂಪ್ಯೂಟರಿನಲ್ಲಿತ್ತು. ಅದನ್ನು ಮುಟ್ಟುವ ಅಪ್ಪಣೆ ಮಾತ್ರ ಅವರ ಕೈಲಿರಲಿಲ್ಲ.

ಡಾಂಗಲ್ ಕಿತ್ತು ನೋಡಿದೆ. ಹಳದಿ. ಲೋಹದ ತುದಿಯ ಒಳಗೂ ಹೊರಗೂ ಭಂಡಾರ, ಅಂದರೆ ಕೊಕಟನೂರ ಯಲ್ಲಮ್ಮನ ಗುಡಿಯಿಂದ ತಂದ ಅರಿಶಿನದ ಪುಡಿ. ತಲೆಯೆತ್ತಿದರೆ ಯಂತ್ರದ ಆರೂ ಹೆಡ್‌ಗಳ ಮೇಲೆ ಭಂಡಾರ, ಕುಂಕುಮ, ಬಾಡಿದ ಸೇವಂತಿಗೆ. ಭಾನುವಾರ ನಾಗರ ಅಮವಾಸ್ಯೆ. ಪೂಜೆ ಆಗಿದೆ. ನನಗೆ ಇನ್ನೇನು ಬೇಕಿತ್ತು? ಮೂಢನಂಬಿಕೆಯ ವಿರುದ್ಧ ನಾನು ಎಷ್ಟು ಸಲ ವೇದಿಕೆ ಹತ್ತಿದ್ದೆನೋ. ಇಲ್ಲಿ ನೋಡಿದರೆ ಮೂಢನಂಬಿಕೆ ಯುಎಸ್‌ಬಿ ಪೋರ್ಟಿನೊಳಗೇ ಸಿಕ್ಕಿಬಿದ್ದಿದೆ.

"ಮೌಶಿ, ದೇವರಿಗೆ ಹಚ್ಚುವುದನ್ನು ಎಲೆಕ್ಟ್ರಾನಿಕ್ಸಿಗೆ ಹಚ್ಚಿದರೆ ಹೀಗೇ ಆಗುವುದು," ಎಂದೆ. ಸಣ್ಣದೊಂದು ಭಾಷಣವನ್ನೂ ಮಾಡಿದೆ. ಮೌಶಿಯ ಮುಖ ಚಿಕ್ಕದಾಯಿತು.

"ನನ್ನಿಂದ ತಪ್ಪ ಆಗೈತಿ ಅಂದ್ರ ಆಗೈತಿ, ತಂಗಿ," ಎಂದರು. ಮಾಲವ್ವ ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಚರ್ಚೆಯಲ್ಲಿ ಎದುರಾಳಿಯ ಸರದಿ ಬರುವವರೆಗೆ ಕಾಯಿಸುವ ಅಭ್ಯಾಸ ನನ್ನದು.

ಸ್ಪಿರಿಟ್ ಹಾಕಿ ಒರೆಸಿದೆ. ಒಣಗಿಸಿ ಚುಚ್ಚಿದೆ. ಅದೇ ಸಾಲು. ಕೆಲಸ ಮುಗಿಸುವಾಗ ಪರದೆಯ ಮೂಲೆಯಲ್ಲಿದ್ದ ತಾರೀಖು ತಪ್ಪಿರುವುದು ಕಂಡಿತು, ಎಷ್ಟೋ ವರ್ಷ ಹಿಂದಿನದು. ರೂಢಿಯಂತೆ ಸರಿಮಾಡಿದೆ. ಆಮೇಲೆ ಕಂಪನಿಗೆ ನನ್ನ ಹೆಸರಿನಲ್ಲೇ ಮೇಲ್ ಬರೆದೆ: ಪೂಜೆಯ ಸಮಯದಲ್ಲಿ ಅರಿಶಿನ ಸೇರಿ ಡಾಂಗಲ್ ಹಾಳಾಗಿದೆ, ಬದಲಿ ಕೊಡಿ. ಹಳದಿ ಚೆನ್ನಾಗಿ ಕಾಣುವಂತೆ ಮೊದಲೇ ತೆಗೆದಿಟ್ಟ ಫೋಟೋ ಲಗತ್ತಿಸಿದೆ. ನಮ್ಮ ಸರ್ವಿಸ್ ಸೆಂಟರಿನ ಸೀಲನ್ನೂ ಹಾಕಿದೆ.

ಗುರುವಾರ ಉತ್ತರ ಬಂತು. ನಾಲ್ಕೇ ಸಾಲು. ನಿಮ್ಮದೇ ವರದಿಯ ಪ್ರಕಾರ ಹಾನಿ ಗ್ರಾಹಕರಿಂದ ಆಗಿದೆ. ಬದಲಿ ಡಾಂಗಲ್ ಕೊಡುವ ನಿಯಮವಿಲ್ಲ. ಡಾಂಗಲ್ ಇಲ್ಲದ ಲೈಸೆನ್ಸನ್ನು ಕಳೆದುಹೋದ ಲೈಸೆನ್ಸ್ ಎಂದೇ ಪರಿಗಣಿಸಲಾಗುವುದು. ಹೊಸದಾಗಿ ಖರೀದಿಸಿರಿ.

ಇಲ್ಲಿ ಕಂಪನಿಯ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲವಾದರೆ ನಾನು ಕಲಿತ ಚರ್ಚೆಗೆ ಅವಮಾನ. ಸಾಫ್ಟ್‌ವೇರ್ ಬರೆಯುವುದೂ ಬೆವರಿನ ಕೆಲಸ. ಕದ್ದು ಬಳಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಮನೆ ಕಟ್ಟಿದವನು ಬಾಗಿಲಿಗೆ ಬೀಗ ಹಾಕಿದರೆ ತಪ್ಪೆನ್ನಲಾಗದು. ಒಪ್ಪಿದೆ. ಆದರೆ ಈ ಬೀಗ ತಡೆಯುತ್ತಿದ್ದದ್ದು ಯಾರನ್ನು? ಅದೇ ಸಾಫ್ಟ್‌ವೇರಿನ ಕ್ರ್ಯಾಕ್ ಮಾಡಿದ ಪ್ರತಿ, ಅಂದರೆ ಬೀಗ ಮುರಿದ ಕಳ್ಳಪ್ರತಿ, ಪೇಟೆಯಲ್ಲಿ ಸಲೀಸಾಗಿ ಓಡುತ್ತಿತ್ತು. ಅದಕ್ಕೆ ಡಾಂಗಲ್ ಬೇಡ, ಭಂಡಾರದ ಭಯವಿಲ್ಲ. ಬೀಗದ ತೊಂದರೆ ಇದ್ದದ್ದು ಬಾಗಿಲಿನಿಂದ ಒಳಗೆ ಬರುವವರಿಗೆ. ಕಿಟಕಿಯಿಂದ ಬರುವವರಿಗೆ ಬೀಗ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಇದನ್ನೆಲ್ಲ ಮನಸ್ಸಿನಲ್ಲೇ ವಾದಿಸಿಕೊಂಡು ಶುಕ್ರವಾರ ಭೋಜಕ್ಕೆ ಹೋದೆ. ಬ್ಯಾಗಿನಲ್ಲಿ ಒಂದು ಪೆನ್ ಡ್ರೈವ್ ಇತ್ತು. ಮುಚ್ಚಿಡುವುದೇಕೆ, ಆ ಕಳ್ಳಪ್ರತಿ ಅದರಲ್ಲಿತ್ತು. ನಮ್ಮ ವೃತ್ತಿಯಲ್ಲಿ ಅದು ಎಲ್ಲರ ಬ್ಯಾಗಿನಲ್ಲೂ ಇರುತ್ತದೆ, ಯಾರೂ ಹೇಳುವುದಿಲ್ಲ.

"ಮೌಶಿ, ಒಂದು ದಾರಿ ಐತಿ," ಎಂದೆ. ಅಲ್ಲಿಗೆ ಹೋದರೆ ನನ್ನ ಬಾಯಲ್ಲೂ ಮನೆಯ ಮಾತೇ ಬರುತ್ತದೆ. "ಹತ್ತ ನಿಮಿಷದ ಕೆಲಸ. ನಿಮ್ಮ ಹಂತೇಕ ಅಸಲಿ ಬಿಲ್ ಐತಿ, ನೀವು ಕಳ್ಳರಲ್ಲ. ನಿಮ್ಮ ಸಾಮಾನ ನೀವ ತಗೋಳಾಕ ಹಿಂದಿನ ಬಾಗಲದಾಗಿಂದ ಹೋದಂಗ."

ಮಾಲವ್ವನ ಕಣ್ಣು ಅರಳಿತು. "ಹಾಕ ತಂಗಿ, ಹಾಕ. ಕೀಲಿ ಕೊಟ್ಟಾವನ ಕೀಲಿ ತಗೊಂಡ ಕುಂತಾನ. ನಾವೇನ ಪೂಜಿ ಮಾಡ್ಕೋತ ಕುಂದ್ರೂದೇನ?"

ಮೌಶಿ ಗೋಡೆಯ ಬದಿಗಿದ್ದ ಹಳೆಯ ಬೀಡಿಯ ಮೊರವನ್ನು ತಂದು ನನ್ನ ಮುಂದಿಟ್ಟರು. ಈಗ ಅದರಲ್ಲಿ ದಾರದ ಉಂಡೆಗಳಿದ್ದವು.

"ನಿನಗ ಛಾಟ ಅಂದ್ರ ಗೊತ್ತೈತೇನ?"

ಗೊತ್ತಿರಲಿಲ್ಲ. ಅವರು ಹೇಳಿದ್ದು ಇದು. ಕಟ್ಟಿದ ಬೀಡಿಯನ್ನು ಸಂಜೆ ಕಾರಖಾನೆಯ ಶಾಖೆಗೆ ಒಯ್ಯಬೇಕು. ಅಲ್ಲಿಯ ಚೆಕರ್ ಒಳಗೆ ಒಯ್ದು ನೋಡಿ, ಕೆಟ್ಟವು ಎಂದು ಒಂದಿಷ್ಟನ್ನು ತೆಗೆದುಹಾಕುತ್ತಾನೆ. ಆ ತಿರಸ್ಕಾರಕ್ಕೆ ಛಾಟ ಎನ್ನುತ್ತಾರೆ. ಛಾಟಾದ ಬೀಡಿಗೆ ಕೂಲಿಯಿಲ್ಲ, ಬೀಡಿಯೂ ವಾಪಸ್ಸಿಲ್ಲ. ಯಾವುದು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ತೋರಿಸುವುದಿಲ್ಲ. ಎಲೆ ಕದ್ದಿರಿ, ತಂಬಾಕು ಉಳಿಸಿಕೊಂಡಿರಿ ಎಂದು ಮೇಲಿಂದ ಬೈಗುಳ.

"ಅಂವ ದಿನಾ ಕಳ್ಳೇರ ಅಂತಿದ್ದ," ಎಂದರು ಮೌಶಿ. "ಕೆಲವರಿಗೆ ಸಿಟ್ಟ ಬಂದು, ಹೆಂಗೂ ಅಂತಾನಲ್ಲ ಅಂತ, ಖರೇನ ಎಲಿ ಉಡಿಯಾಗ ಕಟ್ಟಕೊಂಡ ಬರಾಕ ಹತ್ತಿದ್ರು. ನಮ್ಮವ್ವ ನನಗ ಒಂದ ಮಾತ ಹೇಳಿದ್ಲು: ಒಮ್ಮಿ ತಗೊಂಡಿ ಅಂದ್ರ, ಅಂವ ಇಷ್ಟ ದಿನಾ ಅಂದಿದ್ದೆಲ್ಲಾ ಖರೆ ಮಾಡಿಕೊಟ್ಟಂಗ. ಆ ಪೆನ್ ಡ್ರೈವ್ ಚೀಲದಾಗ ಇಟ್ಕೊ ತಂಗಿ."

ಇಟ್ಟುಕೊಂಡೆ.

"ಆದ್ರ ಮೌಶಿ, ಭಂಡಾರ ಹಚ್ಚಿದ್ದ ತಪ್ಪಲ್ಲೇನ? ಅಮಾಸಿ ದಿನಾ ಕೀಲಿಗೆ ಯಾಕ ಹಚ್ಚಾಕ ಹೋದ್ರಿ?" ಎಂದೆ, ಕೊನೆಯ ಮಾತು ನನ್ನದಾಗಲೆಂದು.

"ಅಮಾಸಿ ದಿನಾ ಎಲ್ಲಿ ಹಚ್ಚೀವು?" ಎಂದರು ಮಾಲವ್ವ. "ಅಮಾಸಿಗೆ ಹಚ್ಚಿದ್ದು ಮಷೀನಿಗೆ. ಕೀಲಿಗೆ ಹಚ್ಚಿದ್ದು ಮಂಗಳವಾರ ಸಂಜೀಕ. ಬಂದ್ ಆದ ಮ್ಯಾಲ! ಯವ್ವಾ ಯಲ್ಲವ್ವ, ಇದನ್ನೊಂದ ಚಾಲೂ ಮಾಡ ಅಂತ ಬೇಡ್ಕೊಂಡ ಹಚ್ಚಿದ್ಲು ಇಕಿ. ಅವತ್ತ ಹೇಳಾಕ ಹ್ವಾದ್ನಿ, ನೀ ಕೈ ಎತ್ತಿ ಬಾಯಿ ಮುಚ್ಚಿಸಿದಿ."

ಮೊದಲು ಬಂದ್ ಆಗಿದೆ, ಆಮೇಲೆ ಹಳದಿ ಬಂದಿದೆ. ನಾನು ಪರಿಣಾಮವನ್ನು ಕಾರಣವೆಂದು ಬರೆದು, ಸೀಲ್ ಹಾಕಿ, ಎದುರು ಪಕ್ಷದ ಕೈಗೆ ಕೊಟ್ಟಿದ್ದೆ. ಶಾಖೆಯ ಚೆಕರ್ ಮಾಡುತ್ತಿದ್ದದ್ದಕ್ಕೂ ನಾನು ಮಾಡಿದ್ದಕ್ಕೂ ವ್ಯತ್ಯಾಸ ಹುಡುಕಿದೆ. ಸಿಗಲಿಲ್ಲ. ತಪ್ಪಿಲ್ಲದವರ ಕೈಯಲ್ಲೇ ತಪ್ಪೊಪ್ಪಿಸಿಯೂ ಬಿಟ್ಟಿದ್ದೆ.

"ಮೌಶಿ, ಮೊದಲಿಂದ ಹೇಳ್ರಿ. ಮಂಗಳವಾರದ ಮೊದಲ ಏನಾಗಿತ್ತು?"

ಭಾನುವಾರ ಪೂಜೆ. ಸೋಮವಾರ ಬೆಳಿಗ್ಗೆ ಮಳೆಗೆ ಕರೆಂಟು ಹೋಯಿತು. ಮಂಗಳವಾರ ಮಧ್ಯಾಹ್ನ ಬಂತು. ಕಂಪ್ಯೂಟರ್ ಚಾಲೂ ಮಾಡಿದಾಗ ಬಾಗಿಲು ತೆರೆಯಲಿಲ್ಲ. ಆಗ ನೆನಪಾಯಿತು, ಬುಧವಾರ ನಾನೇ ಸರಿಮಾಡಿದ ತಾರೀಖು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಬಿಲ್ಲೆಯಂಥ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನು ಹುಟ್ಟಿದ ವರ್ಷಕ್ಕೆ ಮರಳುತ್ತದೆ. ಪೆಟ್ಟಿಗೆ ಬಿಚ್ಚಿ ಅಳೆದೆ. ಬ್ಯಾಟರಿ ಪೂರ್ತಿ ಸತ್ತಿತ್ತು. ಡಾಂಗಲನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ದೀಪ ಹೊತ್ತಿತು, ಲ್ಯಾಪ್‌ಟಾಪು ಅದನ್ನು ಗುರುತಿಸಿತು. ಕೀಲಿ ಗಟ್ಟಿಮುಟ್ಟಾಗಿತ್ತು. ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲ್ ತೆರೆದೆ. ಹಳೆಯ ತಾರೀಖು ಹೊತ್ತ ಮಂಗಳವಾರದ ಸಾಲು ಅಲ್ಲೇ ಇತ್ತು: ಗಡಿಯಾರ ಹಿಂದೆ ತಿರುಗಿಸಲಾಗಿದೆ, ಕೀಲಿಗೆ ತಡೆ ಹಾಕಲಾಗಿದೆ. ಒಮ್ಮೆ ಬಿದ್ದ ತಡೆ ತಾರೀಖು ಸರಿಮಾಡಿದರೂ ಹೋಗುವುದಿಲ್ಲ, ಕಂಪನಿಯೇ ತೆಗೆಯಬೇಕು.

ಈ ತಡೆ ಏಕಿದೆ ಎಂದರೆ, ಕೆಲವರು ಇಂಥ ಸಾಫ್ಟ್‌ವೇರನ್ನು ಒಂದು ತಿಂಗಳ ಅವಧಿಗೆ ತೆಗೆದುಕೊಂಡು, ಅವಧಿ ಮುಗಿಯುವಾಗ ತಾರೀಖನ್ನು ಹಿಂದಕ್ಕೆ ತಳ್ಳಿ ಪುಕ್ಕಟೆ ಬಳಸುತ್ತಾರೆ. ಅಂಥವರನ್ನು ಹಿಡಿಯುವ ಬಲೆ ಇದು. ಆದರೆ ಮೌಶಿಯದು ಕಾಯಂ ಲೈಸೆನ್ಸ್. ಅದಕ್ಕೆ ಅವಧಿಯೇ ಇಲ್ಲ. ಅವಧಿಯೇ ಇಲ್ಲದವರು ಗಡಿಯಾರ ತಿರುಗಿಸಿ ಗಳಿಸುವುದಾದರೂ ಏನು? ಸಾಫ್ಟ್‌ವೇರಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಇರಲಿ, ಅದು ಯಂತ್ರ. ನನಗೂ ಹೊಳೆದಿರಲಿಲ್ಲವಲ್ಲ.

ಕಂಪನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. "ಹಾನಿ ಅರಿಶಿನದಿಂದ ಎಂದು ನೀವೇ ಬರೆದಿದ್ದೀರಲ್ಲ ಮೇಡಂ," ಎಂದಿತು ಆ ಕಡೆಯ ದನಿ. ನಾನು ಬರೆದದ್ದು ತಪ್ಪು ಎಂದೆ. ಹಾಗಾದರೆ ಇದೂ ತಪ್ಪಿರಬಹುದು ಎಂದರು. ಚರ್ಚೆಯ ದೃಷ್ಟಿಯಿಂದ ಅದು ಒಳ್ಳೆಯ ಹೊಡೆತ, ಒಪ್ಪಬೇಕು. ತಡೆ ತೆಗೆಯುವ ಕೋಡ್ ಬೇಕಾದರೆ ಅರ್ಜಿ ಹಾಕಿ, ಹತ್ತು ಕೆಲಸದ ದಿನ ಕಾಯಬೇಕು. ನಮಗಿದ್ದದ್ದು ಭಾನುವಾರ ಸೇರಿ ಐದು ದಿನ.

ಫೋನಿಟ್ಟು ಮೌಶಿಯ ಕಡೆ ನೋಡಿದೆ.

"ಅವರ ಆಫೀಸ ಎಲ್ಲೈತಿ?" ಎಂದರು.

"ಕೊಲ್ಹಾಪುರದಾಗ ಡೀಲರ್ ಅದಾರ್ರಿ."

"ಅಷ್ಟ ಅಲ್ಲ? ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು."

ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ಡಾಂಗಲ್, ಅಸಲಿ ಬಿಲ್ಲು, ಸತ್ತ ಬ್ಯಾಟರಿ, ಲಾಗ್ ಫೈಲಿನ ಪ್ರಿಂಟು. ಬಸ್ಸಿನಲ್ಲಿ ನಾನು ವಾದವನ್ನು ಮೂರು ಭಾಗ ಮಾಡಿ ಬಾಯಿಪಾಠ ಮಾಡುತ್ತಿದ್ದೆ. ಮಾಲವ್ವ ನಿದ್ದೆ ಹೊಡೆಯುತ್ತಿದ್ದರು.

ಡೀಲರ್ ಆಫೀಸಿನ ಮ್ಯಾನೇಜರ್ ಒಬ್ಬ ಸಭ್ಯ ಯುವಕ. ನನ್ನ ಮೇಲ್ ಅವನ ಪರದೆಯ ಮೇಲೇ ಇತ್ತು. ನಾನು ಮೊದಲ ಭಾಗ ಮುಗಿಸುವ ಮೊದಲೇ ಅದರತ್ತ ಬೆರಳು ತೋರಿಸಿದ. ಎರಡನೆಯ ಭಾಗಕ್ಕೆ ಅವನು ನಿಯಮ ಓದಿದ. ಮೂರನೆಯದು ಉಳಿದೇಹೋಯಿತು. ಡಾಂಗಲ್ ಇಟ್ಟುಹೋಗಿ, ಒಳಗೆ ಕಳಿಸಿ ಪರೀಕ್ಷೆ ಮಾಡಿಸಿ ತಿಳಿಸುತ್ತೇವೆ ಎಂದ.

ಆಗ ಮೌಶಿ ಮರಾಠಿಯಲ್ಲಿ ಮಾತಾಡಿದರು. ಕನ್ನಡದಷ್ಟೇ ಸಲೀಸು ಅವರ ಮರಾಠಿ. ದನಿ ಏರಿಸಲಿಲ್ಲ. ಅವರು ಹೇಳಿದ್ದು ಇಷ್ಟು: ಅಣ್ಣಾ, ಬೀಡಿ ಕಟ್ಟುವಾಗ ನಮ್ಮ ಶಾಖೆಯಲ್ಲಿ ಒಳಗೆ ಒಯ್ದು ಛಾಟ ಮಾಡುತ್ತಿದ್ದರು. ಒಂದು ದಿನ ನಾವೆಲ್ಲ ಬಾಗಿಲಲ್ಲಿ ಕೂತೆವು. ಛಾಟ ಮಾಡುವುದಿದ್ದರೆ ನಮ್ಮೆದುರಿಗೆ ಮಾಡಿ, ಯಾವ ಬೀಡಿ ಕೆಟ್ಟಿದೆ ನಮ್ಮ ಕೈಗೆ ಕೊಟ್ಟು ತೋರಿಸಿ ಎಂದೆವು. ಎದುರಿಗೆ ಮಾಡತೊಡಗಿದ ಮೇಲೆ ಛಾಟ ಅರ್ಧಕ್ಕಿಂತ ಕಡಿಮೆಯಾಯಿತು. ಬೀಡಿ ಅವೇ, ಕೈ ಅವೇ. ಈ ಕೀಲಿಯನ್ನೂ ನನ್ನೆದುರಿಗೆ ನೋಡಿ. ಕೆಟ್ಟಿದ್ದರೆ ಈ ಹುಡುಗಿಯ ಮಾತು ಬಿಟ್ಟು ನಿಮ್ಮ ಮಾತು ಕೇಳುತ್ತೇನೆ.

"ಇಲ್ಲಾಂದ್ರ ನಾವು ಇಲ್ಲೇ ಕುಂದರ್ತೀವಿ," ಎಂದು ಮಾಲವ್ವ ಕನ್ನಡದಲ್ಲೇ ಸೇರಿಸಿ, ಸೋಫಾದ ಮೇಲೆ ಕಾಲು ಮಡಚಿ ಕೂತರು. "ಖುರ್ಚಿ ಭಾಳ ಮೆತ್ತಗ ಐತಿ."

ಮ್ಯಾನೇಜರ್‌ಗೆ ಭಾಷೆ ಅರ್ಥವಾಯಿತೋ ಭಂಗಿ ಅರ್ಥವಾಯಿತೋ, ಡಾಂಗಲನ್ನು ತನ್ನ ಕಂಪ್ಯೂಟರಿಗೆ ಚುಚ್ಚಿದ. ಪರದೆಯನ್ನು ನಮ್ಮ ಕಡೆ ತಿರುಗಿಸಿ ಎಂದರು ಮೌಶಿ. ತಿರುಗಿಸಿದ. ಕಂಪನಿಯದೇ ಪರೀಕ್ಷಾ ಪ್ರೋಗ್ರಾಂ ಎರಡು ಸಾಲು ತೋರಿಸಿತು. ಕೀಲಿಯ ಸ್ಥಿತಿ: ಉತ್ತಮ. ತಡೆಯ ಕಾರಣ: ಗಡಿಯಾರ. ಅವನು ಬಿಲ್ಲು ಕೇಳಿದ. ಮುಂಬೈಗೆ ಫೋನ್ ಮಾಡಿದ. ಹತ್ತು ಕೆಲಸದ ದಿನ ಬೇಕಿದ್ದ ಕೋಡ್ ಏಳು ನಿಮಿಷದಲ್ಲಿ ಬಂತು. ಗೋಡೆಯ ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಎಲ್ಲವೂ ಸುಖಾಂತ್ಯ ಎಂದು ಬರೆಯಲಾರೆ. ಒಂದು ಸುತ್ತಿಗೆ ಆರು ಬಿಲ್ಲೆ, ಇಪ್ಪತ್ತು ನಿಮಿಷ. ಶನಿವಾರ ಸಂಜೆಯಿಂದ ಪಾಳಿಯ ಮೇಲೆ ಯಂತ್ರ ಓಡಿಸಿದರೂ ಬುಧವಾರ ಸಂಜೆಗೆ ಆದದ್ದು 1,560. ಕಾಗವಾಡ ತಾಲೂಕಿನ ಒಂದು ಶಾಲೆಯ 240 ಮಕ್ಕಳು ಬಿಲ್ಲೆಯಿಲ್ಲದೆ ಧ್ವಜವಂದನೆ ಮಾಡಿದರು. ಸಂಸ್ಥೆಯ ಕಾರ್ಯದರ್ಶಿಯ ಬೈಗುಳವನ್ನು ಮೌಶಿ ತಲೆತಗ್ಗಿಸಿ ಕೇಳಿಸಿಕೊಂಡರು. ಕಳೆದುಹೋದ ದಿನಗಳಲ್ಲಿ ಎರಡು ನನ್ನ ತಪ್ಪು ಮೇಲ್‌ನಿಂದಾಗಿ ಕಳೆದದ್ದು ಎಂದು ಕಾರ್ಯದರ್ಶಿಗೆ ನಾನೇ ಪತ್ರ ಬರೆದುಕೊಟ್ಟೆ. ಕಂಪನಿಗೂ ತಿದ್ದುಪಡಿಯ ಮೇಲ್ ಕಳಿಸಿದೆ, ಗಡಿಯಾರದ ತಡೆ ಬಿದ್ದಾಗ ಕೀಲಿ ಕೆಟ್ಟಿದೆ ಎಂದು ಸುಳ್ಳು ಹೇಳಬೇಡಿ, ನಿಜ ಕಾರಣವನ್ನು ಪರದೆಯ ಮೇಲೆ ತೋರಿಸಿ ಎಂದು. ಕಂಪನಿ ಇಂದಿಗೂ ಉತ್ತರಿಸಿಲ್ಲ. ಆರು ತಿಂಗಳಿಗೊಮ್ಮೆ ಅದೇ ಮೇಲ್ ಮತ್ತೆ ಕಳಿಸುತ್ತೇನೆ. ಬಿಡುವುದಿಲ್ಲ. ಸಂಸ್ಥೆಯ ಕೆಲಸ ಮಾತ್ರ ಮೌಶಿಯ ಕೈ ತಪ್ಪಲಿಲ್ಲ. ಬೀಡಿಯ ಮೊರದಲ್ಲಿ ಈಗಲೂ ದಾರವೇ ಇದೆ.

ಕೆಲಸ ಕಲಿಸಿದ್ದು ಏನೆಂದರೆ, ನನ್ನ ಕಾಲ್ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಈಗ ಕೊನೆಯಲ್ಲಿದೆ. ಅದಕ್ಕೂ ಮುಂಚೆ 'ಮೊದಲು ಏನಾಯಿತು, ಆಮೇಲೆ ಏನಾಯಿತು' ಎಂದು ಒಂದು ಕಾಲಂ. ಅದನ್ನು ಗ್ರಾಹಕರು ಹೇಳಬೇಕು, ನಾನು ಕೈ ಎತ್ತದೆ ಬರೆಯಬೇಕು. ಬ್ಯಾಗಿನ ಆ ಪೆನ್ ಡ್ರೈವನ್ನು ಅಳಿಸಿದ್ದೇನೆ. ಅದಿದ್ದ ಜಾಗದಲ್ಲಿ ಈಗ ಹನ್ನೆರಡು ಬಿಲ್ಲೆ ಬ್ಯಾಟರಿಗಳಿವೆ.

ಮುಂದಿನ ಅಮವಾಸ್ಯೆಗೆ ಮೌಶಿಯ ಫೋನ್ ಬಂತು.

"ತಂಗಿ, ಈ ಸರ್ತಿ ಕೀಲಿಗೂ ಭಂಡಾರ ಹಚ್ಚಬೇಕಂತ ಮಾಡೇನಿ."

"ಬ್ಯಾಡ್ರಿ ಮೌಶಿ. ಮಷೀನಿಗೆ ಹಚ್ರಿ, ಸಾಕು."

"ಯಾಕ? ಭಂಡಾರದಿಂದ ಏನೂ ಆಗಿಲ್ಲಂತ ಕೊಲ್ಹಾಪುರದ ತನಕ ಬಂದು ಸಾಬೀತ ಮಾಡಿದಾಕಿ ನೀನ ಅಲ್ಲ?"

ಪರ, ವಿರೋಧ ಎರಡೂ ಕಡೆಯಿಂದ ಯೋಚಿಸಿದೆ.

"ಹಚ್ರಿ," ಎಂದೆ. "ಆದ್ರ ಕೀಲಿಗೆ ಟೊಪ್ಪಿಗಿ ಹಾಕಿ ಹಚ್ರಿ."